ರಜೆಯ ಊರು ಮತ್ತು ಗೃಹಿಣಿಯ ‘ಬೇಡ’

ಯುಗಾದಿ ಕಳೆದು ಮಕ್ಕಳ ಪರೀಕ್ಷೆಗಳು ಮುಗಿಯುತ್ತ ಬಂದಂತೆ ಮುಂಬಯಿಯ ಕನ್ನಡಿಗರ ಮನೆಮನೆಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ: “ಈ ಸಲ ಊರಿಗೆ ಯಾವಾಗ?” ಯಾವ ಊರೆಂದು ಯಾರೂ ಕೇಳುವುದಿಲ್ಲ. ಒಂದೋ ಹುಟ್ಟಿದ ಊರು, ಇಲ್ಲವೆ ಕೈಹಿಡಿದವಳ ತವರೂರು. ಮೂರನೆಯದೊಂದು ಊರಿಗೂ ಹೋಗಬಹುದೆಂಬ ಯೋಚನೆಯೇ ನಮ್ಮಲ್ಲಿ ಅನೇಕರಿಗೆ ಬಂದಿಲ್ಲ. ಬಂದವರು ಅದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿದ ದಿನ ಅವರಿಗೆ ದೊರೆಯುವ ಉತ್ತರವೂ ಒಂದೇ: “ಬೇಡ.”

ಈ ‘ಬೇಡ’ದ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕ ಬಂಧುಗಳ ಮುಂದಿಡಬೇಕೆಂದು ಬಹಳ ದಿನಗಳಿಂದ ಯೋಚಿಸುತ್ತಿದ್ದೆ. ಸಂಪಾದಕನಾದವನು ಬರೆಯತಕ್ಕ ಘನವಾದ ವಿಷಯ ಇದಲ್ಲವೆಂದು ಕೆಲವರು ಹೇಳಬಹುದು. ಆದರೆ ವರ್ಷವಿಡೀ ಗಲ್ಲಾದ ಹಿಂದೆ, ಅಡುಗೆಮನೆಯ ಬಿಸಿಯಲ್ಲಿ, ಕಚೇರಿಯ ಕಡತಗಳ ನಡುವೆ ದುಡಿಯುವ ನಮ್ಮವರಿಗೆ ದೊರೆಯುವ ರಜೆ ಹತ್ತೋ ಹದಿನೈದೋ ದಿನ. ಅದನ್ನು ಎಲ್ಲಿ ಕಳೆಯಬೇಕೆಂಬುದರಲ್ಲಿ ಗಂಡಹೆಂಡಿರಿಗೆ ಮನಸ್ತಾಪ ಹುಟ್ಟಿ, ಆ ದಿನಗಳೂ ಮುನಿಸಿನಲ್ಲಿಯೇ ಮುಗಿದುಹೋದರೆ ಅದಕ್ಕಿಂತ ದೊಡ್ಡ ನಷ್ಟ ಬೇರೆ ಯಾವುದಿದೆ?

ನನ್ನದೇ ಕಥೆಯನ್ನು ಹೇಳುತ್ತೇನೆ. ಎಸ್.ಎಸ್.ಎಲ್.ಸಿ. ಮುಗಿಸಿ ೧೯೯೮ರಲ್ಲಿ ಕುಂದಾಪುರದ ಕಡೆಯಿಂದ ಈ ನಗರಕ್ಕೆ ಬಂದವನು ನಾನು. ಕಪ್ಪುಬಸಿ ತೊಳೆಯುವುದರಿಂದ ಆರಂಭಿಸಿ, ಟೇಬಲ್ ಒರೆಸಿ, ಗಲ್ಲಾದಲ್ಲಿ ಕುಳಿತು, ಕೊನೆಗೆ ಸ್ವಂತದ್ದೊಂದು ಹೋಟೆಲು ನಡೆಸಿ, ಅದನ್ನು ತಮ್ಮನ ಕೈಗೊಪ್ಪಿಸಿ ಈಗ ಲೇಖನಿ ಹಿಡಿದಿದ್ದೇನೆ. ಪತ್ರಿಕೆಯ ಕೆಲಸಕ್ಕೆ ಇಳಿದ ಮೇಲೆ ಫ. ಗು. ಹಳಕಟ್ಟಿಯವರ ಜೀವನವನ್ನು ಓದಿದೆ. ವಕೀಲರಾಗಿ ವಿಜಯಪುರದಲ್ಲಿ ನೆಲಸಿದ್ದ ಆ ಮಹನೀಯರು ವಚನಗಳ ತಾಳೆಗರಿಗಳನ್ನು ಹುಡುಕಿ ಹುಡುಕಿ ಕೂಡಿಹಾಕಿ, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, ಸ್ವಂತ ಮನೆಯನ್ನು ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು, ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅಂತಹವರು ನಡೆದಾಡಿದ ಬೀದಿಗಳನ್ನು ಒಮ್ಮೆ ನೋಡಬೇಕೆಂಬ ಆಸೆ ನಾಲ್ಕು ವರ್ಷಗಳ ಹಿಂದೆ ನನ್ನಲ್ಲಿ ಹುಟ್ಟಿತು.

ಮೊದಲನೆಯ ವರ್ಷ ಇದನ್ನೆಲ್ಲ ಬಹಳ ಉತ್ಸಾಹದಿಂದ ಮನೆಯಲ್ಲಿ ವರ್ಣಿಸಿದೆ. ಮನೆಯಾಕೆ ಎಲ್ಲವನ್ನೂ ಕೇಳಿ, “ಮನೆ ಮಾರಿ ಪ್ರೆಸ್ ಹಾಕಿದವರ ಊರಿಗೆ ನನ್ನನ್ನೇಕೆ ಕರೆದುಕೊಂಡು ಹೋಗುತ್ತೀರಿ? ನೀವೂ ಹಾಗೆಯೇ ಮಾಡುವ ಯೋಚನೆಯೋ?” ಎಂದಳು. ನಾನು ಮಾತು ತಿರುಗಿಸಿ ಗೋಲಗುಮ್ಮಟಕ್ಕೆ ಬಂದೆ. ಮುಹಮ್ಮದ್ ಆದಿಲ್ ಶಾಹನ ಸಮಾಧಿಯಾಗಿ ೧೬೫೬ರಲ್ಲಿ ಮುಗಿದ ಕಟ್ಟಡವದು. ಗುಮ್ಮಟದ ಹೊರ ವ್ಯಾಸ ಸುಮಾರು ೪೪ ಮೀಟರು. ಒಳಗೆ ಒಂದೇ ಒಂದು ಕಂಬವಿಲ್ಲ ಎಂದೆ. “ಗೋರಿ ನೋಡಲು ರಜೆ ಹಾಕಬೇಕೆ? ನೀವು ಹೋಗಿ ಬನ್ನಿ. ನಾನು ಮಕ್ಕಳನ್ನು ಕರೆದುಕೊಂಡು ಅಮ್ಮನ ಮನೆಗೆ ಹೋಗುತ್ತೇನೆ” ಎಂದು ಆಕೆ ಒಗ್ಗರಣೆ ಹಾಕಲು ಎದ್ದುಹೋದಳು. ಆ ವರ್ಷದ ವಾದ ಅಲ್ಲಿಗೆ ಮುಗಿಯಿತು.

ಎರಡನೆಯ ವರ್ಷ ನಾನು ಮಾಡಿದ್ದು ಇನ್ನೂ ಕೆಟ್ಟದ್ದು. ಮಕ್ಕಳಿಗೆ ಚಿತ್ರಗಳನ್ನು ತೋರಿಸಿ, ದೊಡ್ಡ ಫಿರಂಗಿಯ ಕಥೆ ಹೇಳಿ, ಅವರನ್ನು ತಾಯಿಯ ಮೇಲೆ ಎತ್ತಿಕಟ್ಟಿದೆ. ಮಕ್ಕಳು ಹಟ ಹಿಡಿದರು. ಆಕೆ ಯಾರನ್ನೂ ಬಯ್ಯಲಿಲ್ಲ, ಸುಮ್ಮನಾದಳು. ಮೇ ತಿಂಗಳಲ್ಲಿ ಎಂದಿನಂತೆ ಎಲ್ಲರೂ ಊರಿಗೇ ಹೋದೆವು. ಆ ಮೌನ ಮಾತ್ರ ನನ್ನನ್ನು ಬಹಳ ದಿನ ಕಾಡಿತು.

ಹೋಟೆಲಿನಲ್ಲಿ ದುಡಿದ ಬಂಧುಗಳಿಗೆ ಒಂದು ಮಾತು ಚೆನ್ನಾಗಿ ಗೊತ್ತು. ದಿನವೂ ಇಡ್ಲಿಯನ್ನೇ ಕೇಳುವ ಗಿರಾಕಿಗೆ ಹೊಸ ತಿಂಡಿಯೊಂದನ್ನು ತಿನ್ನಿಸಬೇಕೆಂದರೆ “ಇಡ್ಲಿ ಮುಗಿಯಿತು” ಎಂದು ಸುಳ್ಳು ಹೇಳುವುದು ಹುಂಬನ ಕೆಲಸ. ಆತ ಮರುದಿನ ಎದುರಿನ ಹೋಟೆಲಿಗೆ ಹೋಗುತ್ತಾನೆ. ಅನುಭವಸ್ಥ ಮಾಣಿಯಾದರೆ ಆತ ಇಡ್ಲಿಯನ್ನೇ ಏಕೆ ಕೇಳುತ್ತಾನೆಂದು ಮೊದಲು ತಿಳಿದುಕೊಳ್ಳುತ್ತಾನೆ. ಹೊಟ್ಟೆಯ ತೊಂದರೆಯೋ, ಕಿಸೆಯ ತೊಂದರೆಯೋ, ರೈಲಿಗೆ ಹೊತ್ತಾಯಿತೆಂಬ ಅವಸರವೋ? ಅದನ್ನು ತಿಳಿದ ಮೇಲೆ, ಇಡ್ಲಿಯನ್ನೂ ಕೊಟ್ಟು, ಬದಿಗೆ ಹೊಸದನ್ನು ಒಂದು ಚಮಚದಷ್ಟು ಇಡುತ್ತಾನೆ. ಇಪ್ಪತ್ತು ವರ್ಷ ಗಿರಾಕಿಗಳೊಡನೆ ಹೀಗೆ ನಡೆದುಕೊಂಡ ನಾನು ಮನೆಯಾಕೆಯನ್ನು ಒಂದು ದಿನವಾದರೂ ಕಾರಣ ಕೇಳಿರಲಿಲ್ಲ!

ಮೂರನೆಯ ವರ್ಷ, ಒಂದು ರಾತ್ರಿ ಪಾತ್ರೆಪಗಡೆಗಳೆಲ್ಲ ತೊಳೆದಾದ ಮೇಲೆ, “ನಿನಗೆ ಏಕೆ ಬೇಡ? ನಾನು ವಾದಿಸುವುದಿಲ್ಲ, ಕೇಳುತ್ತೇನೆ” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಆಕೆ ಹೇಳಿದಳು: “ಅಮ್ಮನಿಗೆ ಎಪ್ಪತ್ತೆಂಟಾಯಿತು. ವರ್ಷಕ್ಕೊಮ್ಮೆ ಹೋದರೆ ಇನ್ನು ಎಷ್ಟು ಸಲ ನೋಡಿಯೇನು? ಅದರಲ್ಲಿ ಒಂದನ್ನು ನಿಮ್ಮ ಗುಮ್ಮಟಕ್ಕೆ ಕೊಡಲೆ?”

ನನಗೆ ಉತ್ತರ ತೋಚಲಿಲ್ಲ. ಆಕೆ ಮುಂದುವರಿಸಿದಳು. ಹನ್ನೆರಡು ವರ್ಷಗಳ ಹಿಂದೆ ನಾವು ಒಂದು ಯಾತ್ರಾಸ್ಥಳಕ್ಕೆ ಹೋಗಿದ್ದೆವು. “ಕೋಣೆ ಸಿಗುತ್ತದೆ, ಚಿಂತೆ ಬೇಡ” ಎಂದಿದ್ದೆ. ರಾತ್ರಿ ಹನ್ನೊಂದಕ್ಕೆ ಇಳಿದಾಗ ಎಲ್ಲಿಯೂ ಕೋಣೆಯಿರಲಿಲ್ಲ. ವರ್ಷ ತುಂಬದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಆಕೆ ಬೆಳಗಾಗುವವರೆಗೆ ರೈಲು ನಿಲ್ದಾಣದ ಕಟ್ಟೆಯ ಮೇಲೆ ಕುಳಿತಿದ್ದಳು. ಈ ಪ್ರಸಂಗವನ್ನು ನಾನು ಸ್ನೇಹಿತರ ಮುಂದೆ ಹಾಸ್ಯವಾಗಿ ಎಷ್ಟೋ ಸಲ ಹೇಳಿದ್ದೇನೆ. ಆಕೆ ಒಮ್ಮೆಯೂ ನಕ್ಕಿರಲಿಲ್ಲವೆಂಬುದು ಆ ರಾತ್ರಿ ನೆನಪಿಗೆ ಬಂತು.

“ಇನ್ನೊಂದು,” ಎಂದಳು. “ಹೋದಲ್ಲೆಲ್ಲ ಚೀಲ ಕಟ್ಟುವವಳು ನಾನು, ಬಟ್ಟೆ ಒಗೆಯುವವಳು ನಾನು, ಮಕ್ಕಳಿಗೆ ಹಸಿವಾದರೆ ಓಡುವವಳು ನಾನು. ನಿಮಗೆ ರಜೆ, ನನಗೆ ಜಾಗ ಮಾತ್ರ ಬೇರೆ. ಅಮ್ಮನ ಮನೆಯಲ್ಲಾದರೆ ಒಂದು ಹೊತ್ತಾದರೂ ಯಾರಾದರೂ ಬಡಿಸಿ ‘ಉಣ್ಣು’ ಎನ್ನುತ್ತಾರೆ.”

ವಾಚಕರು ಗಮನಿಸಬೇಕು: ಈ ಮೂರು ಕಾರಣಗಳಲ್ಲಿ ಒಂದಾದರೂ ವಿಜಯಪುರಕ್ಕೆ ಸಂಬಂಧಿಸಿದ್ದಲ್ಲ. ಊರು ಕೆಟ್ಟದ್ದೆಂದು ಆಕೆ ಹೇಳಲೇ ಇಲ್ಲ. ಆಕೆಯ ‘ಬೇಡ’ದಲ್ಲಿ ಇದ್ದದ್ದು ತಾಯಿಯ ಮೇಲಣ ಮಮತೆ, ನನ್ನ ಅಜಾಗರೂಕತೆಯ ನೆನಪು ಮತ್ತು ಮುಗಿಯದ ದುಡಿತದ ಆಯಾಸ. ನಾನಾದರೋ ಎರಡು ವರ್ಷ ಗುಮ್ಮಟದ ಅಳತೆಯನ್ನು ಒಪ್ಪಿಸುತ್ತಿದ್ದೆ! ನಮ್ಮಲ್ಲಿ ಹೆಚ್ಚಿನವರ ಸ್ಥಿತಿಯೂ ಇದೇ ಎಂದು ನನ್ನ ನಂಬಿಕೆ. ಹೆಂಡತಿಯನ್ನು ಹೊಸ ಊರಿಗೆ ಒಪ್ಪಿಸಬೇಕೆನ್ನುವವನು ಆ ಊರನ್ನು ಹೊಗಳುವ ಮೊದಲು, ಆಕೆಯ ಮೇಲಿರುವ ಭಾರದಲ್ಲಿ ತನ್ನ ಪಾಲನ್ನು ಎತ್ತಿಕೊಳ್ಳಬೇಕು.

ತವರಿನ ವಿಷಯವನ್ನೇ ಮೊದಲು ನೋಡೋಣ. ನಮ್ಮ ಹಿರಿಯರು ಹಡಗಿನಲ್ಲೋ ಘಾಟಿಯ ಬಸ್ಸಿನಲ್ಲೋ ಊರಿಗೆ ಹೋಗಿಬರುತ್ತಿದ್ದಾಗ ವರ್ಷಕ್ಕೊಂದು ಪ್ರಯಾಣವೇ ದೊಡ್ಡದಾಗಿತ್ತು. ೧೯೯೮ರ ಜನವರಿ ೨೬ರಂದು ರೋಹಾದಿಂದ ಮಂಗಳೂರಿನ ಸಮೀಪದ ತೋಕೂರಿನವರೆಗೆ ಕೊಂಕಣ ರೈಲುಮಾರ್ಗವು ಪೂರ್ಣವಾಗಿ ತೆರೆದ ಮೇಲೆ, ಮಧ್ಯಾಹ್ನ ಮುಂಬಯಿಯಲ್ಲಿ ಹತ್ತಿದವನು ಮರುದಿನ ಬೆಳಗ್ಗೆ ಕುಂದಾಪುರದಲ್ಲಿ ಇಳಿಯುತ್ತಾನೆ. ದಾರಿ ಬದಲಾದರೂ ನಮ್ಮ ಅಭ್ಯಾಸ ಬದಲಾಗಿರಲಿಲ್ಲ. ಆದುದರಿಂದ ಆಕೆಗೆ ನಾನು ಮೊದಲು ತಂದುಕೊಟ್ಟದ್ದು ವಿಜಯಪುರದ ಟಿಕೆಟಲ್ಲ, ತವರಿನ ಟಿಕೆಟು. ಮೇ ತಿಂಗಳಲ್ಲಿ ಎಲ್ಲರೂ ಸೇರಿ ಹೋಗುವುದಿದ್ದೇ ಇತ್ತು. ಜೊತೆಗೆ ದೀಪಾವಳಿಗೆ ಆಕೆ ಐದು ದಿನ ಹೋಗಿಬರಲೆಂದು ಗೊತ್ತುಮಾಡಿದೆ. ಆ ಐದು ದಿನ ಮಕ್ಕಳೊಡನೆ ಮನೆಯಲ್ಲುಳಿದು ಅಡುಗೆ ಮಾಡಿದವನು ನಾನೇ. ಸಾರು ಹೇಗಿತ್ತೆಂದು ಮಕ್ಕಳನ್ನು ಕೇಳುವುದು ಬೇಡ.

ಎರಡನೆಯದಾಗಿ, ವಿಜಯಪುರದಲ್ಲಿ ಕೋಣೆಯನ್ನು ಮುಂಗಡ ಹಣ ಕಟ್ಟಿ ಕಾದಿರಿಸಿ, ಹೊರಡುವ ಹಿಂದಿನ ದಿನ ಮತ್ತೊಮ್ಮೆ ಮಾತನಾಡಿ ಖಚಿತಪಡಿಸಿಕೊಂಡೆ. ಹೋಗುವ ದಿನ, ಮರಳುವ ದಿನ, ಆಗುವ ಖರ್ಚು, ಮೂರನ್ನೂ ಚೀಟಿಯಲ್ಲಿ ಬರೆದು ಆಕೆಯ ಕೈಗಿತ್ತೆ. ಮೂರನೆಯದಾಗಿ, ಚೀಲ ಕಟ್ಟುವುದು, ಒಗೆಯುವುದು, ಮಕ್ಕಳ ಊಟ ತಿಂಡಿ ನೋಡುವುದು ನನ್ನ ಮತ್ತು ದೊಡ್ಡ ಮಗನ ಪಾಲಿಗೆ ಬಂದವು.

ಇಷ್ಟಾದ ಮೇಲೂ ಆಸೆ ಹುಟ್ಟಬೇಕಲ್ಲವೆ? ಅದನ್ನು ಹುಟ್ಟಿಸಿದವನು ನಾನಲ್ಲ. ನಮ್ಮದೇ ಅಂತಸ್ತಿನಲ್ಲಿ ವಿಜಯಪುರದ ಕಡೆಯ ಸಂಸಾರವೊಂದಿದೆ. ಆ ತಾಯಿಯವರು ಬಡಿಯುವ ಜೋಳದ ರೊಟ್ಟಿ, ಶೇಂಗಾ ಚಟ್ನಿಗಳ ರುಚಿ ಮನೆಯಾಕೆಗೆ ಮೊದಲೇ ಗೊತ್ತಿತ್ತು. ಒಂದು ಸಂಜೆ ಇಬ್ಬರೂ ಮಾತಿಗೆ ಕುಳಿತರು. ಬೇಸಿಗೆಯಲ್ಲಿ ಅಲ್ಲಿಗೆ ಕಾಲಿಡಬಾರದು, ಡಿಸೆಂಬರ್ ಜನವರಿಯಲ್ಲಿ ಹೋಗಬೇಕು. ಸಂಕ್ರಾಂತಿಯ ಸುಮಾರಿಗೆ ಸಿದ್ಧೇಶ್ವರನ ಜಾತ್ರೆಯಾಗುತ್ತದೆ. ಇಳಕಲ್ ಸೀರೆಯನ್ನು ಅವಸರಪಡದೆ ನಾಲ್ಕು ಅಂಗಡಿ ನೋಡಿ ಕೊಳ್ಳಬೇಕು - ಇವೆಲ್ಲ ಆಕೆಗೆ ತಿಳಿದದ್ದು ಅಲ್ಲಿಂದ. ನನ್ನ ಎರಡು ವರ್ಷಗಳ ಉಪನ್ಯಾಸ ಮಾಡದ ಕೆಲಸವನ್ನು ಅರ್ಧ ಗಂಟೆಯ ಆ ಮಾತು ಮಾಡಿತು. ಒಂದೇ ನಗರದಲ್ಲಿ, ಒಂದೇ ಮೆಟ್ಟಿಲು ಹತ್ತಿ ಇಳಿಯುವ ಕರಾವಳಿಯವರೂ ಬಯಲುಸೀಮೆಯವರೂ ಪರಸ್ಪರರ ಊರುಗಳನ್ನು ಇಷ್ಟು ಕಡಿಮೆ ಅರಿತಿದ್ದೇವಲ್ಲ ಎಂದು ನನಗೆ ನಾಚಿಕೆಯೂ ಆಯಿತು.

ಕಳೆದ ಡಿಸೆಂಬರಿನಲ್ಲಿ ಹೋದೆವು. ಸೊಲ್ಲಾಪುರದ ಮಾರ್ಗವಾಗಿ ಒಂದು ರಾತ್ರಿಯ ರೈಲು ಪ್ರಯಾಣ. ಮೊದಲ ದಿನ ಇಬ್ರಾಹಿಂ ರೋಜಾ ನೋಡಿದೆವು. ಸರಸ್ವತಿಯನ್ನು ಸ್ತುತಿಸಿ ಗೀತೆಗಳನ್ನು ರಚಿಸಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಸಮಾಧಿಯದು. ಅಲ್ಲಿನ ಹುಲ್ಲಿನ ಮೇಲೆ ಮನೆಯಾಕೆ ಒಂದು ಗಂಟೆ ಸುಮ್ಮನೆ ಕುಳಿತಿದ್ದಳು. ಮಕ್ಕಳು ನೀರು ಕೇಳಿದರೆ ನಾನು ಎದ್ದೆ. ೧೫೪೯ರಲ್ಲಿ ಎರಕ ಹೊಯ್ದ, ಸುಮಾರು ೫೫ ಟನ್ ತೂಗುವ ‘ಮಲಿಕ್-ಎ-ಮೈದಾನ್’ ಫಿರಂಗಿಯನ್ನು ಮಕ್ಕಳು ಬಿಟ್ಟುಬರಲೊಲ್ಲದೆ ಹೋದರು.

ಮರುದಿನ ಗದ್ದಲವಿಲ್ಲದ ಹೊತ್ತಿನಲ್ಲಿ ನೋಡೋಣವೆಂದು ಬೆಳಗ್ಗೆ ಬೇಗನೆ ಗೋಲಗುಮ್ಮಟದ ಮೂಲೆಗೋಪುರದ ಮೆಟ್ಟಿಲುಗಳನ್ನು ಹತ್ತಿದೆವು. ಆ ಪಿಸುಗುಟ್ಟುವ ಮೊಗಸಾಲೆಯ ಒಂದು ಬದಿಯಲ್ಲಿ ಗೋಡೆಗೆ ಬಾಯಿಟ್ಟು ಮೆಲ್ಲನೆ ಆಡಿದ ಮಾತು ಎದುರಿನ ಗೋಡೆಯ ಬಳಿ ನಿಂತವರಿಗೆ ಸ್ಪಷ್ಟವಾಗಿ ಕೇಳುತ್ತದೆ. ನಾನು ಈ ಬದಿಯಲ್ಲಿ, ಆಕೆ ಆ ಬದಿಯಲ್ಲಿ. ಏನು ಹೇಳುತ್ತಾಳೋ ಎಂದು ಕಿವಿಗೊಟ್ಟು ನಿಂತೆ. “ಅಮ್ಮನಿಗೆ ಈ ಮೆಟ್ಟಿಲು ಹತ್ತಲಾಗದು. ಕೆಳಗಿನಿಂದಲಾದರೂ ತೋರಿಸಬೇಕು” ಎಂಬ ಮಾತು ಗೋಡೆಯಗುಂಟ ಬಂತು. ಅತ್ತೆಯವರನ್ನು ಬರುವ ಚಳಿಗಾಲದಲ್ಲಿ ಕರೆದೊಯ್ಯಲಿದ್ದೇವೆ.

ಹೀಗೆಂದು ವಿಜಯಪುರಕ್ಕೇ ಎಲ್ಲರೂ ಹೋಗಬೇಕೆಂದು ನನ್ನ ಮಾತಲ್ಲ. ಹೈದರಾಬಾದಿನ ಕನ್ನಡಿಗರಿಗೆ ಬೀದರ ಹತ್ತಿರ. ಚೆನ್ನೈಯವರಿಗೆ ಮೈಸೂರಿಗೆ ನೇರ ರೈಲಿದೆ. ಕೇಂದ್ರ ಸರಕಾರದ ಕಚೇರಿಗಳಲ್ಲಿರುವ ಗುಮಾಸ್ತ ಬಂಧುಗಳಿಗಂತೂ ನಾಲ್ಕು ವರ್ಷಗಳ ಅವಧಿಯಲ್ಲಿ ಎರಡು ಸಲ ಸ್ವಂತ ಊರಿಗೆ ರಜೆಯ ಪ್ರಯಾಣದ ಖರ್ಚು ದೊರೆಯುತ್ತದೆ; ಅದರಲ್ಲಿ ಒಂದನ್ನು ದೇಶದ ಬೇರೆ ಯಾವ ಭಾಗಕ್ಕಾದರೂ ಬಳಸಬಹುದು. ಮನೆಯಲ್ಲಿ ಕುಳಿತು ಮಾತನಾಡದೆ ಆ ಸೌಲಭ್ಯವನ್ನು ಕಳೆದುಕೊಳ್ಳಬಾರದು.

ಹೋಟೆಲ್ ಕಾರ್ಮಿಕ ಬಂಧುಗಳಲ್ಲಿ ಅನೇಕರ ಸಂಸಾರ ಊರಿನಲ್ಲಿಯೇ ಇದೆ. ಅವರಿಗೆ ಊರಿಗೆ ಹೋಗುವುದೇ ರಜೆ, ಅದು ಸರಿಯೇ. ಆದರೆ ವರ್ಷವಿಡೀ ಅತ್ತೆಮಾವಂದಿರನ್ನು, ದನಕರುಗಳನ್ನು ನೋಡಿಕೊಂಡಿರುವ ಆ ಹೆಣ್ಣುಮಗಳು ಎಲ್ಲಿಗೆ ಹೋಗಿದ್ದಾಳೆ? ಹದಿನೈದು ದಿನಗಳಲ್ಲಿ ಎರಡು ದಿನ ಆಕೆಯನ್ನು ಹತ್ತಿರದ ಯಾವುದಾದರೂ ಊರಿಗೆ ಕರೆದೊಯ್ಯಿರಿ. “ಹಾಲು ಕರೆಯುವವರು ಯಾರು?” ಎಂದು ಆಕೆ ಬೇಡವೆಂದಾಳು. ಉತ್ತರವಾಗಿ ಊರಿನ ವರ್ಣನೆ ಮಾಡಬೇಡಿರಿ; ಹಾಲು ಕರೆಯುವವರನ್ನು ಗೊತ್ತುಮಾಡಿರಿ. ಎರಡು ಪ್ರಯಾಣಕ್ಕೆ ಹಣ ಸಾಲದಿದ್ದರೆ ತವರೇ ಮೊದಲು. ಹೊಸ ಊರು ಓಡಿಹೋಗುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಆಕೆ ಬೇಡವೆಂದರೆ? ಆಗ ಅದು ಬೇಡವೇ ಸರಿ. ಆಕೆಗೆ ನೋಡಬೇಕೆನಿಸುವ ಊರು ಯಾವುದೆಂದು ಕೇಳಿ ನೋಡಿರಿ. ಹದಿನೈದು ಇಪ್ಪತ್ತು ವರ್ಷ ಸಂಸಾರ ಮಾಡಿದ ನಮ್ಮಲ್ಲಿ ಎಷ್ಟು ಮಂದಿ ಈ ಪ್ರಶ್ನೆಯನ್ನು ಒಮ್ಮೆಯಾದರೂ ಕೇಳಿದ್ದೇವೆ?