ಸುಂಕದ ಕಟ್ಟೆಯೂ ಮಳೆಯ ನೀರೂ

ಹೊಸನಗರ ತಾಲ್ಲೂಕಿನ ಹುಲಿಕಲ್ಲಿನಿಂದ ಪಶ್ಚಿಮಕ್ಕೆ ಹೊರಡುವ ರಸ್ತೆಯು ಬಾಳೆಬರೆ ಘಾಟಿಯ ತಿರುವುಗಳನ್ನು ಇಳಿದು, ಹೊಸಂಗಡಿಯ ಮಾರ್ಗವಾಗಿ ಕುಂದಾಪುರವನ್ನು ಸೇರುತ್ತದೆ. ಮಲೆನಾಡಿನ ಅಡಕೆಯು ಕರಾವಳಿಗೆ ಇಳಿಯುವುದೂ, ಕರಾವಳಿಯ ಮೀನು ಘಟ್ಟವನ್ನು ಏರುವುದೂ, ರೋಗಿಗಳು ಮಣಿಪಾಲದ ಆಸ್ಪತ್ರೆಯನ್ನು ಮುಟ್ಟುವುದೂ ಇಂಥ ದಾರಿಗಳಿಂದಲೇ. ಇಂತಹ ರಸ್ತೆಯು ಒಂದು ದಿನ ಕಡಿದುಹೋದರೂ ಅದರ ಬೆಲೆಯೇನೆಂಬುದನ್ನು ಘಟ್ಟದ ಜನರಿಗೆ ಹೇಳಿಕೊಡಬೇಕಾಗಿಲ್ಲ.

ಈ ದಾರಿಯ ಮಹತ್ತ್ವ ಇಂದಿನದಲ್ಲ. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದು ಅದಕ್ಕೆ ಹೈದರನಗರವೆಂದು ಹೆಸರಿಟ್ಟನು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನ ಸೈನ್ಯವು ಇದೇ ಹೊಸಂಗಡಿಯ ಕಡೆಯಿಂದ ಘಟ್ಟವನ್ನೇರಿ ಆ ನಗರವನ್ನು ಹಿಡಿಯಿತು. ಕೆಲವೇ ತಿಂಗಳುಗಳಲ್ಲಿ ಟಿಪ್ಪು ಅದನ್ನು ಮರಳಿ ಪಡೆದನು. ಘಟ್ಟದ ಬಾಯಿಯನ್ನು ಹಿಡಿದವನಿಗೆ ಯುದ್ಧಕಾಲದಲ್ಲಿ ರಾಜ್ಯವೂ, ಶಾಂತಿಕಾಲದಲ್ಲಿ ಸುಂಕವೂ ದೊರೆಯುತ್ತಿದ್ದವು. ಸುಂಕದಕಟ್ಟೆ ಎಂಬ ಊರ ಹೆಸರುಗಳೂ, ಉಕ್ಕಡವೆಂಬ ಹಳೆಯ ಮಾತೂ ಆ ವ್ಯವಸ್ಥೆಯ ಗುರುತುಗಳಾಗಿ ಇಂದಿಗೂ ಉಳಿದಿವೆ. ಆದರೆ ಆ ಸುಂಕವು ಸರಕಿನ ಮೇಲಿನದು; ಅದು ಸೇರುತ್ತಿದ್ದುದು ಬೊಕ್ಕಸವನ್ನು.

ಇಂಗ್ಲೆಂಡಿನಲ್ಲಿ ಬೇರೊಂದು ಪದ್ಧತಿ ಬೆಳೆಯಿತು. ರಸ್ತೆಗೆ ಅಡ್ಡಲಾಗಿ ಗೇಟನ್ನು ನಿಲ್ಲಿಸಿ, ಹೋಗುವ ಗಾಡಿಗಳಿಂದ ಪಡೆದ ಹಣವನ್ನು ಆ ರಸ್ತೆಗೇ ವೆಚ್ಚಮಾಡುವುದೇ ಆ ‘ಟರ್ನ್‌ಪೈಕ್’ ಪದ್ಧತಿ. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಇಂಥ ಮಂಡಲಿಗಳು ಅಲ್ಲಿ ಸಾವಿರಕ್ಕೂ ಮಿಕ್ಕಿದ್ದವು. 1816ರಲ್ಲಿ ಬ್ರಿಸ್ಟಲಿನ ಮಂಡಲಿಯ ಮೇಲ್ವಿಚಾರಕನಾದ ಜಾನ್ ಮ್ಯಾಕಡಮ್ ಒಂದು ಸರಳ ಸತ್ಯವನ್ನು ಸಾರಿದನು: ಭಾರವನ್ನು ಹೊರುವುದು ಕೊನೆಗೆ ರಸ್ತೆಯ ಅಡಿಯ ನೆಲವೇ, ಅದು ಒಣಗಿದ್ದರೆ ಯಾವ ಭಾರವನ್ನಾದರೂ ಹೊತ್ತೀತು. ಮೇಲಿನ ಜಲ್ಲಿಯ ಪದರವು ಆ ನೆಲಕ್ಕೆ ಹೊದಿಸಿದ ಸೂರು ಮಾತ್ರ.

ಈ ಸತ್ಯವನ್ನು ಹುಲಿಕಲ್ಲಿಗೆ ಅನ್ವಯಿಸಿ ನೋಡೋಣ. ಇಲ್ಲಿ ಅನೇಕ ವರ್ಷಗಳಲ್ಲಿ 7,000 ಮಿಲಿಮೀಟರನ್ನು ಮೀರಿ ಮಳೆ ಬಿದ್ದಿದೆ. 5 ಮೀಟರು ಅಗಲದ ರಸ್ತೆಯ ಒಂದೇ ಕಿಲೋಮೀಟರಿನ ಮೇಲೆ ಅಷ್ಟು ಮಳೆಯೆಂದರೆ 3.5 ಕೋಟಿ ಲೀಟರು ನೀರು! ಮೇಲಿನ ಗುಡ್ಡದಿಂದ ಹರಿದುಬರುವ ನೀರು ಈ ಲೆಕ್ಕದಲ್ಲಿ ಸೇರಿಲ್ಲ. ಹರಿದುಹೋಗಲು ಹಾದಿಯಿಲ್ಲದ ನೀರು ನೆಲದೊಳಕ್ಕೆ ಇಳಿದು ಮಣ್ಣಿನ ಕಣಗಳ ನಡುವಣ ರಂಧ್ರಗಳನ್ನು ತುಂಬುತ್ತದೆ. ಅಲ್ಲಿ ಅದರ ಒತ್ತಡ ಏರಿದಂತೆಲ್ಲ ಕಣಗಳ ಪರಸ್ಪರ ಘರ್ಷಣೆ ಕುಗ್ಗುತ್ತದೆ. ಮಣ್ಣನ್ನು ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುವ ಮುಖ್ಯ ಶಕ್ತಿ ಆ ಘರ್ಷಣೆಯೇ ಆದುದರಿಂದ ಗುಡ್ಡ ಜರಿಯುತ್ತದೆ.

ಹೀಗಿರುವಲ್ಲಿ, ಘಾಟಿಯ ರಸ್ತೆಗೆ ಅಗಲವೇ ಔಷಧವೆಂಬ ಮಾತನ್ನು ನಾವು ಒಪ್ಪಲಾರೆವು. ಅಗಲಮಾಡಲು ಗುಡ್ಡದ ಬುಡವನ್ನು ಕಡಿದರೆ, ಮೇಲಿನ ಮಣ್ಣಿಗಿದ್ದ ಊರುಗೋಲನ್ನೇ ಕಿತ್ತಂತಾಗುವುದು. ಅಪಾಯಕರವಾದ ತಿರುವುಗಳನ್ನು ತಿದ್ದಬೇಕೆಂಬುದು ನಿಜ. ಆದರೆ ಮೊದಲ ಹಣವು ಬದಿಯ ಚರಂಡಿಗೆ, ಎರಡನೆಯದು ಮೋರಿಗಳಿಗೆ, ಮೂರನೆಯದು ಇಳಿಜಾರನ್ನು ಹಿಡಿದಿರುವ ಕಾಡಿಗೆ ಸಲ್ಲಬೇಕು. ಡಾಂಬರಿನ ಸರದಿ ಅನಂತರದ್ದು. ಚರಂಡಿಗೆ ಉದ್ಘಾಟನೆಯ ವೈಭವವಿಲ್ಲ. ಅದು ಮರೆತುಹೋಗುವುದಕ್ಕೆ ಇದೂ ಒಂದು ಕಾರಣವಿರಬಹುದು.

ಸುಂಕದ ಕಟ್ಟೆ ಕಾಣದಿದ್ದಲ್ಲಿಯೂ ನಾವು ಸುಂಕವನ್ನು ಕೊಡುತ್ತಲೇ ಇದ್ದೇವೆ. ಪೆಟ್ರೋಲು, ಡೀಸೆಲುಗಳ ಬೆಲೆಯಲ್ಲಿಯೇ ರಸ್ತೆಯ ಹೆಸರಿನ ಕರವೊಂದು ಅಡಗಿದೆ. ಬಸ್ಸಿನ ಚೀಟಿಯನ್ನು ಕೊಳ್ಳುವ ವಿದ್ಯಾರ್ಥಿಯೂ ಅದರ ಪಾಲುದಾರನೇ. ಕೊಟ್ಟವನಿಗೆ ಕೇಳುವ ಹಕ್ಕುಂಟು. ಮುಂದಿನ ಮಳೆಗಾಲದಲ್ಲಿ ವಿದ್ಯಾರ್ಥಿಗಳು ತಮ್ಮೂರಿನ ರಸ್ತೆಯ ಬದಿಯಲ್ಲಿ ಕ್ಷಣಕಾಲ ನಿಂತು, ನೀರು ಎಲ್ಲಿ ಹರಿಯುತ್ತಿದೆಯೆಂಬುದನ್ನು ಗಮನಿಸಲಿ. ಚರಂಡಿಯಲ್ಲಿ ಹರಿದರೆ ರಸ್ತೆಯು ಉಳಿಯುವುದು. ರಸ್ತೆಯ ಮೇಲೆ ಹರಿದರೆ, ಮಳೆಗಾಲ ಬರುವ ಮೊದಲೇ ಚರಂಡಿಯನ್ನೇಕೆ ತೆಗೆಯಿಸಲಿಲ್ಲವೆಂದು ಸಂಬಂಧಪಟ್ಟವರನ್ನು ಕೇಳಲಿ.