"ಎಫ್‌ಸಿ ಇದೆ ಸಾರ್" ಅಂದ ಮಾತ್ರಕ್ಕೆ ಹಳೇ ವ್ಯಾನ್ ಗಟ್ಟಿಯಾ?

ಸಾಗರ: ನಮ್ಮ ಪೇಟೆಯಲ್ಲಿ ಹಳೇ ವ್ಯಾನಿನ ವ್ಯಾಪಾರ ಕುದುರೋದು ಒಂದೇ ಮಾತಿನ ಮೇಲೆ: "ಎಫ್‌ಸಿ ಇದೆ ಸಾರ್." ದಿನಸಿ ಅಂಗಡಿ, ಬೇಕರಿ, ತರಕಾರಿ ವ್ಯಾಪಾರ, ಶಾಮಿಯಾನ, ಯಾರಿಗೇ ಆಗಲಿ ಒಂದು ಓಮ್ನಿಯೋ ಈಕೋನೋ ಟಾಟಾ ಏಸೋ ಬೇಕು. ಹೊಸದರ ಕಂತು ಕಟ್ಟೋದು ಸಣ್ಣ ಅಂಗಡಿಯವರಿಗೆ ಕಷ್ಟ. ಓಮ್ನಿ ತಯಾರಿಕೆಯಂತೂ 2019ಕ್ಕೇ ನಿಂತಿದೆ, ಅಂದ್ರೆ ಸಿಗೋ ಓಮ್ನಿ ಎಲ್ಲವೂ ಹಳೇದೇ. ಏಸ್ ಬಂದಿದ್ದು 2005ರಲ್ಲಿ. ಮೊದಮೊದಲ ಗಾಡಿಗಳು 15 ವರ್ಷ ದಾಟಿ ಎಷ್ಟೋ ಕಾಲವಾಯ್ತು.

ಆ ಎಫ್‌ಸಿ ಹೇಳೋದೇನು ಅಂತ ಸ್ವಲ್ಪ ನೋಡೋಣ. ಹಳದಿ ಬೋರ್ಡ್ ಗಾಡಿಗೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಬಿಳಿ ಬೋರ್ಡಿಗೆ ಇದ್ಯಾವುದೂ ಇಲ್ಲ. 15 ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಹೋದಾಗಲೇ ಇಲಾಖೆಯವರು ಅದನ್ನು ನೋಡೋದು, ಪಾಸಾದರೆ ಮತ್ತೆ 5 ವರ್ಷ ಆರಾಮ. ಅಂದ್ರೆ 14 ವರ್ಷದ ಬಿಳಿ ಬೋರ್ಡ್ ಓಮ್ನಿಯ ಬ್ರೇಕನ್ನು ಸರ್ಕಾರದ ಕಡೆಯಿಂದ ಯಾರೂ ಒಮ್ಮೆಯೂ ಮುಟ್ಟಿ ನೋಡದೇ ಇರಬಹುದು. "ಹಳದಿ ಬೋರ್ಡ್ ಬೇಡ ಮಾರಾಯ್ರೆ, ರಗಳೆ ಜಾಸ್ತಿ" ಅಂತ ಬಿಳಿ ಬೋರ್ಡ್ ಹುಡುಕುವವರು ಇದನ್ನು ಯೋಚನೆ ಮಾಡಬೇಕು. ಅದನ್ನು ಬಾಡಿಗೆಗೆ ಓಡಿಸುವಂತೆಯೂ ಇಲ್ಲ.

ಹಳೇ ವ್ಯಾನ್ ಫೇಲ್ ಆಗೋದು ದೊಡ್ಡ ಕಾರಣಕ್ಕಲ್ಲ. ಹ್ಯಾಂಡ್ ಬ್ರೇಕ್ ಹಿಡಿಯಲ್ಲ. ಹೆಡ್‌ಲೈಟಿನ ಒಂದು ಕಣ್ಣು ಆಕಾಶಕ್ಕೆ, ಇನ್ನೊಂದು ಚರಂಡಿಗೆ. ಟೈರಿನ ಗೆರೆ ಕನಿಷ್ಠ 1.6 ಮಿಲಿಮೀಟರ್ ಆಳ ಇರಬೇಕು, ಇರಲ್ಲ. ಸ್ಟೇರಿಂಗ್ ಸುಮ್ಮನೆ ಆಡೋದು 30 ಡಿಗ್ರಿ ಮೀರಬಾರದು, ಮೀರಿರುತ್ತೆ. ಗ್ಯಾಸ್ ಕಿಟ್ ಹಾಕಿಸಿ ಆರ್‌ಸಿಯಲ್ಲಿ ಬರೆಸದೇ ಇರೋದು, ಗ್ಯಾಸ್ ಟ್ಯಾಂಕಿನ ಪರೀಕ್ಷೆ ಅವಧಿ ಮುಗಿದಿರೋದು ಕೂಡ ಇದೇ ಸಾಲಿಗೆ ಸೇರುತ್ತೆ.

ಇದರಲ್ಲಿ ಬಹುಪಾಲು ಗ್ಯಾರೇಜಿನಲ್ಲಿ ಒಂದು ದಿನದ ಕೆಲಸ. ತೊಂದರೆ ಇರೋದೂ ಅಲ್ಲೇ. ಎಫ್‌ಸಿ ದಿನಕ್ಕೆ ಮಾತ್ರ ಟೈರ್ ಎರವಲು ತಂದು ಹಾಕಿ, ಸಂಜೆ ಬಿಚ್ಚಿ ಕೊಡೋದು ಎಲ್ಲರಿಗೂ ಗೊತ್ತಿರೋ ಸಂಗತಿ. ಸ್ಟಿಕ್ಕರ್ ಅಂಟಿಸಿ ಪೇಂಟ್ ಹೊಡೆದರೆ ಗಾಡಿ ಲಕಲಕ. ಕಾಗದ ಒಂದು ವರ್ಷದ್ದು, ಆದರೆ ತಪಾಸಣೆಯಾಗಿದ್ದು ಒಂದು ದಿನದ ಗಾಡಿಗೆ. ಮೈದಾನದಲ್ಲಿ ಓಡಿಸಿ ಬ್ರೇಕ್ ಒತ್ತಿ ನೋಡಿದರೆ ಗಾಡಿ ನಿಂತಿತೋ ಇಲ್ಲವೋ ಗೊತ್ತಾಗುತ್ತೆ. ಎಡಗಾಲಿ ಬಲಗಾಲಿ ಸಮವಾಗಿ ಹಿಡಿದವೋ ಅನ್ನೋದು ಸರಿಯಾಗಿ ಗೊತ್ತಾಗೋದು ರೋಲರ್ ಯಂತ್ರದಲ್ಲಿ. ಆ ಯಂತ್ರ ಇರೋ ಸ್ವಯಂಚಾಲಿತ ಕೇಂದ್ರಗಳನ್ನು ಕಡ್ಡಾಯ ಮಾಡ್ತೀವಿ ಅಂತ ಕೇಂದ್ರ ಸರ್ಕಾರ ಹೊರಟು ಗಡುವನ್ನು ಮತ್ತೆ ಮತ್ತೆ ಮುಂದೂಡಿದೆ. ಅದು ಪೂರ್ತಿ ಜಾರಿಗೆ ಬಂದ ದಿನ ಈಗ ಸಲೀಸಾಗಿ ಪಾಸಾಗ್ತಿರೋ ಎಷ್ಟೋ ವ್ಯಾನ್ ಸಿಕ್ಕಿಬೀಳುತ್ತವೆ.

ಇನ್ನು ಮಲೆನಾಡಿನ ಮಾತೇ ಬೇರೆ. ಇಲ್ಲಿ ವ್ಯಾನನ್ನು ಕೊಲ್ಲೋದು ಇಂಜಿನ್ ಅಲ್ಲ, ತುಕ್ಕು. ನಾಲ್ಕು ತಿಂಗಳು ಕೆಸರು ಮೆತ್ತಿಕೊಂಡೇ ಓಡುತ್ತೆ, ಆ ಕೆಸರು ಚಾಸಿ ಸಂದಿಯಲ್ಲಿ ಒಣಗದೇ ಕೂತಿರುತ್ತೆ. ಮ್ಯಾಟ್ ಎತ್ತಿದರೆ ಕೆಲವು ಓಮ್ನಿಗಳ ಫ್ಲೋರಿನಲ್ಲಿ ರಸ್ತೆ ಕಾಣ್ಸುತ್ತೆ! ಮೇಲೆ ತಗಡಿನ ತುಂಡು ವೆಲ್ಡ್ ಮಾಡಿ, ಕಪ್ಪು ಅಂಡರ್‌ಕೋಟ್ ಬಳಿದರೆ ಮುಗೀತು, ಬರಿಗಣ್ಣಿಗೆ ಸಿಗಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ಕೆಳಗಿನಿಂದ ತಟ್ಟಿ ನೋಡಬೇಕು. ಗಟ್ಟಿ ತಗಡು ಟಣ್ ಅನ್ನುತ್ತೆ, ತುಕ್ಕು ಹಿಡಿದಿದ್ದು ಮೆತ್ತಗೆ ಸದ್ದು ಮಾಡುತ್ತೆ.

ಏಸ್ ಆದರೆ ಹಿಂದಿನ ಪ್ಲೇಟ್ ಎಣಿಸಿ. ಮೊದಲ ಏಸ್ ಹೊರಬೇಕಾದ ಭಾರ 750 ಕೆಜಿ. ಪ್ಲೇಟ್ ಹೆಚ್ಚು ಹಾಕಿಸಿದ್ದರೆ ಆ ಗಾಡಿ ಇಷ್ಟು ವರ್ಷ ಎಷ್ಟು ಹೊತ್ತಿದೆ ಅಂತ ಬೇರೆ ಸಾಕ್ಷಿ ಬೇಡ. ಪ್ಲೇಟ್ ಹೆಚ್ಚಿದ ಮಾತ್ರಕ್ಕೆ ಬ್ರೇಕ್ ಹೆಚ್ಚಲ್ಲ. ಹುಲಿಕಲ್ ಘಾಟಿ ಇಳಿಯುವಾಗ ಡ್ರಮ್ ಕಾಯ್ದು ಪೆಡಲ್ ಮೆತ್ತಗಾಗೋದು ಇಂಥ ಗಾಡಿಗಳಲ್ಲೇ. ಓಮ್ನಿಗೆ ಇಂಜಿನ್ ಮುಂದಿನ ಸೀಟಿನ ಅಡಿಯಲ್ಲಿ. ಲೋಡ್ ಹಾಕಿ ಏರು ಹತ್ತಿಸಿ ಸೀಟು ಬಿಸಿಯಾಗುತ್ತಾ, ರೇಡಿಯೇಟರ್ ನೀರು ಇಳಿಯುತ್ತಾ ನೋಡಿ. ಈಗ ಸಿಗಂದೂರು ಸೇತುವೆ ಆದಮೇಲೆ ಲಾಂಚಿಗೆ ಕಾಯದೇ ತುಮರಿ ಕಡೆ ಲೋಡ್ ಹೊಡೆಯಬಹುದು, ಒಳಗಿನ ದಾರಿಯಲ್ಲಿ ಗಾಡಿ ಕೈಕೊಟ್ಟರೆ ಎಳೆದು ತರೋ ಖರ್ಚು ಬೇರೆ.

ದುಡ್ಡಿನ ಲೆಕ್ಕ ಹೀಗಿದೆ. ಬಿಳಿ ಬೋರ್ಡ್ ವ್ಯಾನಿಗೆ 15 ವರ್ಷದ ನಂತರದ ಆರ್‌ಸಿ ನವೀಕರಣದ ಫೀಸು 600 ರೂಪಾಯಿ ಇದ್ದಿದ್ದು 2022ರ ಏಪ್ರಿಲ್‌ನಿಂದ 5,000 ಆಯ್ತು. 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000 ಮಾಡಿದರು. ಜೊತೆಗೆ ಹಸಿರು ತೆರಿಗೆ, ಇನ್ಶೂರೆನ್ಸ್, ಎಮಿಷನ್. ಆದ್ದರಿಂದ 14 ವರ್ಷದ ವ್ಯಾನ್ ಅಗ್ಗಕ್ಕೆ ಸಿಕ್ಕರೆ ಅದು ಅಗ್ಗ ಅಲ್ಲ, ಮುಂದಿನ ವರ್ಷದ ಖರ್ಚನ್ನು ಮಾರುವವರು ನಿಮ್ಮ ತಲೆಗೆ ದಾಟಿಸ್ತಿದ್ದಾರೆ ಅಷ್ಟೇ. ರೇಟು ಮಾತಾಡುವಾಗ ಇದನ್ನು ಕಳೆದೇ ಮಾತಾಡಿ.

ಎಫ್‌ಸಿ ಮುಗಿದ ಹಳದಿ ಬೋರ್ಡ್ ಗಾಡಿ ಕಾನೂನಿನ ಪ್ರಕಾರ ನೋಂದಣಿಯೇ ಇಲ್ಲದ ಗಾಡಿಗೆ ಸಮ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಮೊದಲು ತೆಗೆಯೋ ತಕರಾರು ಇದೇ. ಹಾಗಾಗಿ ಕೊಳ್ಳೋ ಮುಂಚೆ ಪರಿವಾಹನ್ ತಾಣದಲ್ಲಿ ಗಾಡಿ ನಂಬರ್ ಹಾಕಿ ಎಫ್‌ಸಿ, ಇನ್ಶೂರೆನ್ಸ್, ಸಾಲ ಬಾಕಿ ಮೂರನ್ನೂ ನೋಡಿ. ಆಮೇಲೆ ಮಾರುವವರ ಮೆಕ್ಯಾನಿಕ್ ಅಲ್ಲ, ನಿಮ್ಮ ಮೆಕ್ಯಾನಿಕ್ ಹತ್ತಿರ ಗಾಲಿ ಬಿಚ್ಚಿಸಿ ನೋಡಿ. ಬ್ರೇಕ್ ಆಯಿಲ್ ಸೋರಿದ್ದು ಗಾಲಿ ಬಿಚ್ಚಿದಾಗ ಮುಚ್ಚಿಡೋಕೆ ಆಗಲ್ಲ.

ಮಾರುವವರಿಗೂ ಒಂದು ಮಾತು. ಸ್ಟಾಂಪ್ ಪೇಪರಿನಲ್ಲಿ ಬರೆದುಕೊಟ್ಟು ಗಾಡಿ ಬಿಟ್ಟರೆ ಜವಾಬ್ದಾರಿ ಕಳೀತು ಅಂದ್ಕೋಬೇಡಿ. ಆರ್‌ಸಿಯಲ್ಲಿ ಹೆಸರು ಯಾರದ್ದೋ ಪರಿಹಾರದ ಹೊಣೆ ಅವರದ್ದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಎಫ್‌ಸಿ ಫೇಲ್ ಆದ ವ್ಯಾನನ್ನು ಹೆಸರು ಬದಲಿಸದೇ ಹಳ್ಳಿ ಕಡೆ ದಾಟಿಸಿದವರ ಮನೆಗೆ ವರ್ಷ ಕಳೆದ ಮೇಲೂ ಕೋರ್ಟ್ ನೋಟಿಸ್ ಬರಬಹುದು.