ಅಪಾಯ ಕಳೆದ ಬಳಿಕ ಮುರಿದ ಕರಾರು

ದೇವನೊಂದಿಗಿನ ಕರಾರನ್ನು ಮುರಿದವರು ಎಂದೊಡನೆ ನಾವು ಬನೀ ಇಸ್ರಾಈಲರತ್ತ ಬೆರಳು ತೋರಿಸುತ್ತೇವೆ. ಆದರೆ ಆ ಕರಾರು ಮುರಿದದ್ದು ಎಲ್ಲಿ ಎಂದು ವಿಚಾರಿಸುವುದಿಲ್ಲ. ಯಹೂದಿ ಧರ್ಮಗ್ರಂಥದ ಯೆರೆಮೀಯನ 34ನೇ ಅಧ್ಯಾಯದಲ್ಲಿ ಇದಕ್ಕೆ ನೇರ ಉತ್ತರವಿದೆ. ಯೆರೆಮೀಯರ ಹೆಸರು ಕುರ್‌ಆನಿನಲ್ಲಿಲ್ಲವಾದರೂ ಮುಸ್ಲಿಮ್ ಇತಿಹಾಸಕಾರರು ಅವರನ್ನು ಇರ್ಮಿಯಾ ಎಂಬ ಹೆಸರಿನಿಂದ ಬಲ್ಲರು.

ಕ್ರಿ.ಪೂ. 6ನೇ ಶತಮಾನದ ಆರಂಭ. ಬಾಬಿಲೋನಿನ ಅರಸ ನೆಬೂಕದ್ನೆಚ್ಚರನ ಸೈನ್ಯ ಜೆರುಸಲೇಮನ್ನು ಮುತ್ತಿತ್ತು. ಹಿಬ್ರೂ ದಾಸರನ್ನು ಏಳನೆಯ ವರ್ಷ ಬಿಡುಗಡೆ ಮಾಡಬೇಕೆಂಬ ಧರ್ಮವಿಧಿಯನ್ನು ತಲೆಮಾರುಗಳಿಂದ ಕಡೆಗಣಿಸಿದ್ದ ಧನಿಕರಿಗೆ ಆಗ ದೇವನ ನೆನಪಾಯಿತು. ಅರಸ ಚಿದ್ಕೀಯನ ಮುಂದಾಳತ್ವದಲ್ಲಿ, ದೇವಾಲಯದಲ್ಲಿಯೇ ಅವರು ಕರಾರು ಮಾಡಿದರು. ಕರುವನ್ನು ಸೀಳಿ, ಆ ಹೋಳುಗಳ ನಡುವೆ ಹಾದುಹೋಗಿ ಪ್ರತಿಜ್ಞೆ ಮಾಡಿದರು. ದಾಸದಾಸಿಯರು ಸ್ವತಂತ್ರರಾದರು.

ಈ ನಡುವೆ ಈಜಿಪ್ಟಿನ ಸೈನ್ಯ ಹೊರಟ ಸುದ್ದಿ ಕೇಳಿ ಬಾಬಿಲೋನಿಯರು ಮುತ್ತಿಗೆ ತೆರವುಗೊಳಿಸಿದರು. ಧನಿಕರು ತಾವೇ ಬಿಡುಗಡೆ ಮಾಡಿದವರನ್ನು ಮತ್ತೆ ಹಿಡಿತಂದು ದಾಸ್ಯಕ್ಕೆ ತಳ್ಳಿದರು. ಆಗ ಯೆರೆಮೀಯರು ಸಾರಿದ ತೀರ್ಪು ಕಠೋರವಾಗಿತ್ತು: ಬಡವರಿಗೆ ನಿರಾಕರಿಸಿದ ಬಿಡುಗಡೆ ಇನ್ನು ಖಡ್ಗ, ವ್ಯಾಧಿ ಮತ್ತು ಕ್ಷಾಮಗಳಿಗೆ ದೊರೆಯಲಿದೆ. ಹೋದ ಸೈನ್ಯ ಮರಳಿತು. ಕ್ರಿ.ಪೂ. 586ರ ಸುಮಾರಿಗೆ ನಗರ ಪತನಗೊಂಡಿತು. ಯಾವ ದೇವಾಲಯವಿರುವ ತನಕ ತಮಗೆ ಕೇಡಿಲ್ಲವೆಂದು ಅವರು ನಂಬಿದ್ದರೋ ಅದೇ ಸುಟ್ಟು ಬೂದಿಯಾಯಿತು.

ಇಲ್ಲಿ ಗಮನಾರ್ಹ ಅಂಶವೊಂದಿದೆ. ದೇವಾಲಯದ ಬಾಗಿಲು ಮುಚ್ಚಿರಲಿಲ್ಲ, ಬಲಿಯರ್ಪಣೆ ನಿಂತಿರಲಿಲ್ಲ. ಕರಾರು ಮುರಿದದ್ದು ದುರ್ಬಲರ ಹಕ್ಕಿನ ವಿಷಯದಲ್ಲಿ. ಪವಿತ್ರ ಕುರ್‌ಆನಿನ ಅಲ್‌ಬಕರಃ ಅಧ್ಯಾಯವೂ ಅವರಿಂದ ಪಡೆದ ಕರಾರನ್ನು ವಿವರಿಸುವಾಗ ಏಕದೇವಾರಾಧನೆಯ ಜೊತೆಗೇ ಹೆತ್ತವರು, ಬಂಧುಗಳು, ಅನಾಥರು ಮತ್ತು ಬಡವರ ಹಕ್ಕುಗಳನ್ನು ಹೇಳುತ್ತದೆ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ದೇವನನ್ನು ಮೊರೆಯಿಟ್ಟು, ದಡ ಸೇರಿದೊಡನೆ ಅನ್ಯಾಯಕ್ಕಿಳಿಯುವವರ ಚಿತ್ರ ಯೂನುಸ್ ಅಧ್ಯಾಯದಲ್ಲಿದೆ.

ಈ ಕಥನವನ್ನು ಯಹೂದಿಯರನ್ನು ಹಳಿಯುವ ಸಾಧನವಾಗಿಸುವುದು ಅನ್ಯಾಯ. ಎಚ್ಚರಿಸಿದ ಪ್ರವಾದಿಯೂ ಅವರವರೇ, ತಮ್ಮ ವಿರುದ್ಧದ ಈ ತೀರ್ಪನ್ನು ಸ್ವಂತ ಗ್ರಂಥದಲ್ಲಿ ಕಾಪಾಡಿಕೊಂಡು ಬಂದವರೂ ಅವರೇ. ತಮ್ಮ ಮೇಲಿನ ಟೀಕೆಯನ್ನು ಹೀಗೆ ಉಳಿಸಿಕೊಳ್ಳುವ ಧೈರ್ಯ ನಮಗಿದೆಯೇ?

ಕುರ್‌ಆನ್ ವಿವಾಹವನ್ನು ಸುಭದ್ರ ಕರಾರು ಎಂದು ಕರೆದಿದೆ. ಆ ಕರಾರಿನ ವೇದಿಕೆಯಲ್ಲಿಯೇ ವರದಕ್ಷಿಣೆ ಎಣಿಸುವವರು ನಮ್ಮಲ್ಲಿದ್ದಾರೆ. ಸಹೋದರಿಯ ಆಸ್ತಿಪಾಲನ್ನು ನುಂಗಿ ಮಸೀದಿಯ ಮೊದಲ ಸಾಲಿನಲ್ಲಿ ನಿಲ್ಲುವವರೂ ಇದ್ದಾರೆ. ಗಲಭೆಯೋ ರೋಗವೋ ಬಂದಾಗ ನಾವು ಕಣ್ಣೀರಿಟ್ಟು ತೌಬಾ ಮಾಡುತ್ತೇವೆ. ಅಪಾಯ ಸರಿದ ಮರುದಿನ ಆ ಸಹೋದರಿಯ ಪಾಲು ಅವಳ ಕೈ ಸೇರುತ್ತದೆಯೇ? ನಮ್ಮ ತೌಬಾದ ನಿಜವಾದ ಪರೀಕ್ಷೆ ಇದುವೇ. ಉತ್ತಮ ಸಮುದಾಯವೆಂಬ ಬಿರುದು ನಮ್ಮ ಹೊಣೆಯನ್ನು ಹೆಚ್ಚಿಸುತ್ತದೆಯೇ ಹೊರತು, ದೇವನ ತೀರ್ಪಿನಿಂದ ವಿನಾಯಿತಿ ನೀಡುವುದಿಲ್ಲ.